ಝುಹರ್ ತನಕದ ಆಯುಷ್ಯ

ಮಾಡಲೇಬೇಕಾದ, ಆದರೆ ಮಾಡಲು ಮನಸ್ಸೊಪ್ಪದ ಒಂದು ಕೆಲಸವಾದರೂ ನಿಮ್ಮ ಬಳಿ ಇದ್ದೇ ಇರುತ್ತದೆ. ಮುನಿಸಿಕೊಂಡ ನೆರೆಯವನ ಬಾಗಿಲು ತಟ್ಟಬೇಕು, ಸಾಲ ಕೊಟ್ಟವನ ಮುಖ ನೋಡಬೇಕು, ತಂದೆ ತೀರಿಕೊಂಡು ವರ್ಷಗಳಾದರೂ ಕೊಡದೆ ಉಳಿಸಿಕೊಂಡ ಸಹೋದರಿಯರ ಪಾಲನ್ನು ಅಳೆದು ಕೊಡಬೇಕು. ರಮಝಾನ್ ಮುಗಿಯಲಿ, ಮಗಳ ಮದುವೆಯಾಗಲಿ ಎಂದು ಅದನ್ನು ಮುಂದಕ್ಕೆ ಹಾಕುತ್ತಿರುತ್ತೀರಿ. ಅಂಥದೇ ಕೆಲಸವೊಂದು ಹಝ್ರತ್ ಉಮರ್ ಬಿನ್ ಅಬ್ದುಲ್ ಅಝೀಝ್(ರ)ರ ಮುಂದೆಯೂ ಒಂದು ದಿನ ಬಂದು ನಿಂತಿತು.

ಅವರು ಬಡತನದಲ್ಲಿ ಬೆಳೆದವರಲ್ಲ. ತಂದೆ ಈಜಿಪ್ಟಿನ ಗವರ್ನರ್, ದೊಡ್ಡಪ್ಪ ಉಮವೀ ಖಲೀಫಾ. ಆ ಖಲೀಫಾರ ಮಗಳು ಫಾತಿಮಾರೇ ಅವರ ಪತ್ನಿ. ಕ್ರಿ.ಶ. 706ರಲ್ಲಿ ಮದೀನಾದ ಗವರ್ನರ್ ಆದರು. ಬೆಲೆಬಾಳುವ ಉಡುಪು, ಹಾದು ಹೋದ ದಾರಿಯಲ್ಲೆಲ್ಲಾ ಉಳಿಯುವ ಸುಗಂಧ. ಯೌವನದ ದಿನಗಳು ಹೀಗೆಯೇ ಕಳೆದವು. ಆದರೆ ತಾಯಿ, ಹಝ್ರತ್ ಉಮರ್ ಫಾರೂಖ್(ರ)ರ ಮೊಮ್ಮಗಳು ಎಂಬುದನ್ನು ಮರೆಯಬೇಡಿ.

ಹಿ.ಶ. 99ರಲ್ಲಿ (ಕ್ರಿ.ಶ. 717) ಖಲೀಫಾ ಸುಲೈಮಾನ್, ಸಿರಿಯಾದ ಉತ್ತರದ ದಾಬಿಖ್‌ನಲ್ಲಿ ನಿಧನರಾದರು. ಅವರು ಮುದ್ರೆಯೊತ್ತಿ ಇರಿಸಿದ್ದ ಪತ್ರವನ್ನು ರಜಾ ಬಿನ್ ಹೈವಃ ಒಡೆದು ಓದಿದಾಗ ಅದರಲ್ಲಿದ್ದುದು ಉಮರ್‌ರ ಹೆಸರು. ಅವರು ಅದನ್ನು ಬಯಸಿರಲಿಲ್ಲ. ಬೇಡದ ಹೊರೆ ಹೆಗಲಿಗೇರಿತು.

ಅದಕ್ಕಿಂತಲೂ ಭಾರವಾದುದು ಅದರೊಳಗಿತ್ತು. ಜನರಿಂದ ಅನ್ಯಾಯವಾಗಿ ಕಿತ್ತುಕೊಂಡ ಭೂಮಿಗಳೂ ಬೈತುಲ್ ಮಾಲ್‌ಗೆ ಸೇರಬೇಕಾದ ಆಸ್ತಿಗಳೂ ರಾಜಮನೆತನದವರ ಕೈಯಲ್ಲಿದ್ದವು. ಅವನ್ನು ಮರಳಿಸಬೇಕಿತ್ತು. ಯಾರಿಂದ? ಸ್ವಂತ ಬಂಧುಗಳಿಂದ, ಪತ್ನಿಯಿಂದ, ತನ್ನಿಂದಲೇ. ಪರರ ಅನ್ಯಾಯದ ವಿರುದ್ಧ ಎದ್ದು ನಿಲ್ಲುವುದು ಇದರ ಮುಂದೆ ಸುಲಭ.

ಸುಲೈಮಾನರ ದಫನ ಮುಗಿಸಿ, ನಿದ್ದೆಗೆಟ್ಟು ದಣಿದಿದ್ದ ಉಮರ್ ಸ್ವಲ್ಪ ಹೊತ್ತು ಮಲಗಲು ಹೊರಟರು. ಆಗ ಮಗ ಅಬ್ದುಲ್ ಮಲಿಕ್ ಬಂದ ಎಂದು ಚರಿತ್ರಕಾರರು ಬರೆಯುತ್ತಾರೆ. ಜನರ ಹಕ್ಕುಗಳನ್ನು ಮರಳಿಸದೆ ಮಲಗುವಿರಾ ಎಂದು ಕೇಳಿದ. ಝುಹರ್ ನಮಾಝ್ ಆಗಲಿ, ಅನಂತರ ಆ ಕೆಲಸ ಎಂದರು ತಂದೆ. ಝುಹರ್ ತನಕ ನೀವು ಬದುಕಿರುವಿರೆಂದು ಹೊಣೆ ನಿಲ್ಲುವವರು ಯಾರು ಎಂದ ಮಗ. ಬೇರೊಬ್ಬ ತಂದೆಯಾಗಿದ್ದರೆ ಗದರಿಸಿ ಕಳಿಸುತ್ತಿದ್ದನೋ ಏನೋ! ಉಮರ್ ಅವನನ್ನು ಬಳಿಗೆ ಕರೆದು ಹಣೆಗೆ ಮುತ್ತಿಟ್ಟರು. ಇಂಥ ಮಗನನ್ನು ಕೊಟ್ಟ ಅಲ್ಲಾಹನನ್ನು ಸ್ತುತಿಸಿದರು. ಮಲಗದೆ ಎದ್ದು ಹೊರಬಂದು, ಅನ್ಯಾಯಕ್ಕೊಳಗಾದವರೆಲ್ಲರೂ ಬರಲೆಂದು ಸಾರಿಸಿದರು.

ಹಿಮ್ಸ್‌ನ ಮುಸ್ಲಿಮೇತರ ಮುದುಕನೊಬ್ಬ ಬಂದ. ಅವನ ಜಮೀನನ್ನು ಕಿತ್ತುಕೊಂಡಿದ್ದ ಅಬ್ಬಾಸ್, ಮಾಜಿ ಖಲೀಫಾ ವಲೀದರ ಮಗ, ಅಂದರೆ ಫಾತಿಮಾರ ಅಣ್ಣನ ಮಗ. ಆತ ಅಲ್ಲೇ ಕುಳಿತಿದ್ದ. ತಂದೆ ಬರೆದುಕೊಟ್ಟ ಪತ್ರವಿದೆ ಎಂದ. ವಲೀದರ ಪತ್ರಕ್ಕಿಂತ ಅಲ್ಲಾಹನ ಗ್ರಂಥ ದೊಡ್ಡದೆಂದು ಉಮರ್ ತೀರ್ಪಿತ್ತು, ಜಮೀನನ್ನು ಮುದುಕನಿಗೆ ಬಿಡಿಸಿಕೊಟ್ಟರು.

ಸ್ವಂತ ಆಸ್ತಿಯ ದಾಖಲೆಗಳನ್ನು ಜನರೆದುರು ಸೇವಕ ಮುಝಾಹಿಮ್ ಒಂದೊಂದಾಗಿ ಓದುತ್ತಾ ಹೋದ. ಉಮರ್ ಕತ್ತರಿಯಿಂದ ಕತ್ತರಿಸುತ್ತಾ ಹೋದರು. ಪತ್ನಿಯ ಬಳಿ ಆಕೆಯ ತಂದೆ ಕೊಟ್ಟ ಅಪೂರ್ವ ಒಡವೆಯಿತ್ತು. ಅದನ್ನು ಬೈತುಲ್ ಮಾಲ್‌ಗೆ ಒಪ್ಪಿಸು, ಇಲ್ಲವೇ ನನ್ನನ್ನು ಬಿಡು ಎಂದರು. ಫಾತಿಮಾ ಒಡವೆಯನ್ನು ಬಿಟ್ಟರು.

ಬಂಧುಗಳು ಕೆರಳಿದರು. ಉಮರ್ ತುಂಬ ಗೌರವಿಸುತ್ತಿದ್ದ ಸೋದರತ್ತೆಯನ್ನು ರಾಯಭಾರಕ್ಕೆ ಕಳಿಸಿದರು. ಆಕೆ ಬರಿಗೈಯಲ್ಲಿ ಮರಳಿ, ಉಮರ್ ಫಾರೂಖ್‌ರ ಮನೆಯಿಂದ ಹೆಣ್ಣು ತಂದವರು ನೀವೇ, ಈಗ ಮಗು ಆ ಕಡೆಯನ್ನು ಹೋತರೆ ಸಹಿಸಿಕೊಳ್ಳಿ ಎಂದರಂತೆ.

ಆದರೆ ಅವರು ಎಲ್ಲದರಲ್ಲೂ ಆತುರಪಟ್ಟರೆಂದು ಭಾವಿಸಬೇಡಿ. ಇತರ ಕೆಡುಕುಗಳನ್ನೂ ಒಮ್ಮೆಲೇ ಕಿತ್ತೊಗೆಯಬಾರದೇಕೆ ಎಂದು ಅದೇ ಮಗ ಒತ್ತಾಯಿಸಿದಾಗ ತಂದೆ ಒಪ್ಪಲಿಲ್ಲ. ಕುರ್‌ಆನ್ ಮದ್ಯವನ್ನು ಹಂತ ಹಂತವಾಗಿ ನಿಷೇಧಿಸಿದ್ದನ್ನು ನೆನಪಿಸಿದರು. ಸತ್ಯವನ್ನು ಒಟ್ಟಿಗೇ ಹೊರಿಸಿದರೆ ಜನರು ಒಟ್ಟಿಗೇ ತಿರಸ್ಕರಿಸಿಯಾರು ಎಂದರು. ಜನರ ನಡತೆ ತಿದ್ದಲು ಕಾಲ ಬೇಕು. ಕೈಯಲ್ಲಿರುವ ಪರರ ಸೊತ್ತಿಗೆ ಆ ನೆಪ ಸಲ್ಲದು. ಈ ಎರಡನ್ನೂ ನಾವು ಎಷ್ಟೋ ಸಲ ಅದಲು ಬದಲು ಮಾಡಿಕೊಳ್ಳುತ್ತೇವೆ.

ಅಬ್ದುಲ್ ಮಲಿಕ್ ಯೌವನದಲ್ಲೇ, ತಂದೆಗಿಂತ ಮುಂಚೆ ತೀರಿಕೊಂಡ. ಉಮರ್(ರ)ರ ಆಡಳಿತವೂ ಎರಡೂವರೆ ವರ್ಷ ತುಂಬಲಿಲ್ಲ. ಹಿ.ಶ. 101ರ ರಜಬ್‌ನಲ್ಲಿ (ಕ್ರಿ.ಶ. 720) ಸಿರಿಯಾದ ದೈರ್ ಸಿಮ್‌ಆನ್‌ನಲ್ಲಿ ಇಹಲೋಕ ತ್ಯಜಿಸಿದರು. ಬಳಿಕ ಖಲೀಫಾ ಆದ ಯಝೀದ್, ಫಾತಿಮಾರ ಸಹೋದರ. ಬೈತುಲ್ ಮಾಲ್‌ನಲ್ಲಿದ್ದ ಒಡವೆಯನ್ನು ಮರಳಿ ಕೊಡುವೆನೆಂದು ಸಹೋದರಿಗೆ ಹೇಳಿದ. ಪತಿ ಬದುಕಿದ್ದಾಗ ಸಂತೋಷದಿಂದ ಕೊಟ್ಟದ್ದನ್ನು ಅವರ ಮರಣಾನಂತರ ಪಡೆಯಲಾರೆನೆಂದು ಆಕೆ ನಿರಾಕರಿಸಿದರು.