ತಾನೇ ತೆರೆಯುವ ಬಾಗಿಲು

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರೆತ್ತಿದೊಡನೆ ನಮ್ಮ ವಿದ್ಯಾರ್ಥಿಗಳು ಕನ್ನಂಬಾಡಿಯನ್ನು ನೆನೆಯುತ್ತಾರೆ. ಆದರೆ ಆ ಪ್ರಾತಃಸ್ಮರಣೀಯರು ಮೈಸೂರು ಸಂಸ್ಥಾನದ ಸೇವೆಗೆ ಬರುವ ಮುನ್ನ ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಂಬಯಿ ಸರಕಾರದ ಇಂಜಿನಿಯರರಾಗಿದ್ದರು. ಹಳಿಯಾಳ, ಸೂಪಾ, ಮುಂಡಗೋಡಗಳನ್ನೊಳಗೊಂಡ ನಮ್ಮ ಜಿಲ್ಲೆಯೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಆ ಲೆಕ್ಕದಲ್ಲಿ ಅವರು ಮೊದಲು ನಮ್ಮವರೇ ಎಂದರೆ ಮೈಸೂರಿನವರು ಮುನಿಯಲಾರರು.

ಮುದ್ದೇನಹಳ್ಳಿಯಲ್ಲಿ ಜನಿಸಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಪದವೀಧರರಾದರು. 1883ರಲ್ಲಿ ಪುಣೆಯಲ್ಲಿ ಇಂಜಿನಿಯರಿಂಗ್ ಪರೀಕ್ಷೆಯನ್ನು ಪ್ರಥಮ ಸ್ಥಾನದಲ್ಲಿ ಗೆದ್ದು, ಮರುವರ್ಷವೇ ಸರಕಾರಿ ಕೆಲಸಕ್ಕೆ ಸೇರಿದರು.

ಪುಣೆಗೆ ನೀರುಣಿಸುತ್ತಿದ್ದ ಖಡಕವಾಸಲಾ ಜಲಾಶಯ ಅವರ ಕೈಗೆ ಬಂದಾಗ ಅಲ್ಲೊಂದು ಇಕ್ಕಟ್ಟಿತ್ತು. ಮಳೆಗಾಲದಲ್ಲಿ ಕೋಡಿಯ ಮೇಲೆ ಅಪಾರ ನೀರು ಹರಿದು ವ್ಯರ್ಥವಾಗುತ್ತಿತ್ತು, ಬೇಸಗೆಯಲ್ಲಿ ಸಾಲದಾಗುತ್ತಿತ್ತು. ಕೋಡಿಯ ಮೇಲೆ ಗೋಡೆ ಕಟ್ಟಿದರೆ ಪ್ರವಾಹ ಬಂದಾಗ ಅಣೆಕಟ್ಟೆಗೇ ಅಪಾಯ. ಬಾಗಿಲು ಇಟ್ಟರೆ, ನಡುರಾತ್ರಿ ನೆರೆ ಬಂದಾಗ ಕಾವಲುಗಾರನಿಗೆ ಕಣ್ಣು ಹತ್ತಿದರೆ ಗತಿಯೇನು?

ನೀರಿನ ಕೈಯಿಂದಲೇ ಬಾಗಿಲು ತೆರೆಸಬೇಕೆಂದು ಅವರು ನಿಶ್ಚಯಿಸಿದರು. ಬಾವಿಯಲ್ಲಿ ನೀರು ಸೇದುವ ತಾಯಂದಿರಿಗೆ ಇದರ ಮರ್ಮ ಗೊತ್ತಿದೆ: ಕೊಡ ನೀರಿನೊಳಗಿರುವತನಕ ಹಗುರ, ಮೇಲೆ ಬಂದೊಡನೆ ಭಾರ. ಬಾಗಿಲುಗಳಿಗೆ ಸರಿತೂಗುವ ಭಾರವೊಂದನ್ನು ತೊಟ್ಟಿಯೊಳಗೆ ತೂಗುಬಿಟ್ಟರು. ಜಲಾಶಯ ನಿಯಮಿತ ಮಟ್ಟವನ್ನು ಮೀರಿದೊಡನೆ ನೀರು ತೊಟ್ಟಿಗೆ ಹರಿಯುವುದು. ಮುಳುಗಿದ ಭಾರ ಹಗುರಾಗುವುದು. ತೂಕ ತಪ್ಪಿ ಬಾಗಿಲು ತೆರೆಯುವುದು. ಮಟ್ಟ ಇಳಿದಾಗ ತೊಟ್ಟಿ ಬರಿದಾಗಿ, ಭಾರ ಮರಳಿ ತನ್ನ ತೂಕ ಪಡೆದು ಬಾಗಿಲನ್ನು ಮುಚ್ಚುವುದು. ಮೋಟಾರಿಲ್ಲ, ವಿದ್ಯುತ್ತಿಲ್ಲ. ಈ ಬಾಗಿಲುಗಳು 1903ರಲ್ಲಿ ಅಲ್ಲಿ ನೆಲೆಗೊಂಡು, ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರನ್ನು ಹಿಡಿದವು. ನೀರಿನ ಮಟ್ಟದಲ್ಲಿ ಒಂದೊಂದು ಅಡಿಯ ಬೆಲೆಯೇನೆಂಬುದನ್ನು, ಕಾಳಿಯ ಹಿನ್ನೀರಿನಲ್ಲಿ ಹಳೆಯ ಸೂಪಾ ಊರನ್ನೇ ಬಿಟ್ಟುಕೊಟ್ಟ ಜೋಯಿಡಾ ಸೀಮೆಯವರಿಗೆ ಹೇಳಬೇಕಾಗಿಲ್ಲ.

ತಮ್ಮ ಶೋಧಕ್ಕೆ ಅವರು ಪೇಟೆಂಟ್ ಪಡೆದರು. ಆದರೆ ಸರಕಾರದ ಸಂಬಳದಲ್ಲಿದ್ದಾಗ ಮಾಡಿದ ಕೆಲಸವೆಂದು ಅದರ ಗೌರವಧನವನ್ನು ಒಲ್ಲೆನೆಂದರು. ದಾಸೋಹವೆಂಬ ಮಾತನ್ನು ಬಳಸದೆಯೇ ಅದನ್ನು ಆಚರಿಸಿದವರಿವರು. ಮುಂದೆ ಗ್ವಾಲಿಯರಿನ ತಿಗ್ರಾದಲ್ಲೂ ಕನ್ನಂಬಾಡಿಯಲ್ಲೂ ಸ್ವಯಂಚಾಲಿತ ಬಾಗಿಲುಗಳು ಬಂದವು. 1912ರಿಂದ 1918ರವರೆಗಿನ ದಿವಾನಗಿರಿ, 1955ರ ಭಾರತರತ್ನ ಸರ್ವವಿದಿತ.

1961ರ ಜುಲೈ 12ರಂದು ಮೇಲ್ಭಾಗದ ಪಾನಶೇತ ಅಣೆಕಟ್ಟೆ ಒಡೆಯಿತು. ಆ ಜಲರಾಶಿಯ ಹೊಡೆತಕ್ಕೆ ಖಡಕವಾಸಲಾ ಕಟ್ಟೆಯೂ ಬಿರಿದು ಪುಣೆ ನಗರ ಮುಳುಗಿತು. ಮಳೆಯ ನೆರೆಯನ್ನು ಅರಿತು ತೆರೆಯುವ ಬಾಗಿಲಿಗೆ ಒಡೆದ ಇನ್ನೊಂದು ಜಲಾಶಯವನ್ನು ದಾಟಿಸುವ ಶಕ್ತಿ ಎಲ್ಲಿಂದ ಬರಬೇಕು? ಅದನ್ನು ರೂಪಿಸಿದ ಶತಾಯುಷಿ ಆಗಿನ್ನೂ ಬದುಕಿದ್ದರು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕಾಲವಾದರು. ಅವರ ಇಚ್ಛೆಯಂತೆ ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅಂತ್ಯಕ್ರಿಯೆ ನಡೆಯಿತು.