ಸರ್ ಉಪೇಂದ್ರನಾಥ ಬ್ರಹ್ಮಚಾರಿ

ನನ್ನ ಅಕ್ಕನ ಕೆನ್ನೆಯಲ್ಲಿ ಒಮ್ಮೆ ಬಿಳಿಚು ಕಲೆಯೊಂದು ಮೂಡಿದಾಗ ಕೇರಿಯಲ್ಲಿ ಕುಷ್ಠವೆಂಬ ಮಾತು ಹಬ್ಬಿ, ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ವೈದ್ಯರು ಹತ್ತಿಯ ಎಳೆಯಿಂದ ಕಲೆಯನ್ನು ಸವರಿ, ಸ್ಪರ್ಶ ತಿಳಿಯುವುದೆಂದು ಕಂಡು, ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಬರಿಯ ಚಿಬ್ಬೆಂದರು. ಗಂಡಿನವರು ಮಾತ್ರ ಮರಳಿ ಬರಲಿಲ್ಲ. ನಮ್ಮಂಥ ಕಂದು ಮೈಯ ಮೇಲೆ ಹಲವು ರೋಗಗಳು ಇದೇ ವೇಷದಲ್ಲಿ ಬರುತ್ತವೆ. ಅವುಗಳಲ್ಲೊಂದನ್ನು ಗುರುತಿಸಿದ ಮಹನೀಯರ ಚರಿತ್ರೆಯನ್ನು ನಾನು ಆಸಕ್ತಿಯಿಂದ ಓದಿದ್ದು ಆ ಬಳಿಕವೇ.

ಉಪೇಂದ್ರನಾಥರು ಜನಿಸಿದ್ದು ೧೮೭೩ರ ಡಿಸೆಂಬರ್ ೧೯ರಂದು. ತಂದೆ ಜಮಾಲಪುರದಲ್ಲಿ ರೈಲ್ವೆ ವೈದ್ಯರು. ಹೂಗ್ಲಿ ಕಾಲೇಜಿನಲ್ಲಿ ಗಣಿತ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರ, ಆಮೇಲೆ ವೈದ್ಯಶಾಸ್ತ್ರ. ಹೀಗೆ ಸಾಗಿತು ಅವರ ವ್ಯಾಸಂಗ. ೧೯೦೫ರಲ್ಲಿ ಕಲ್ಕತ್ತೆಯ ಕ್ಯಾಂಪ್‌ಬೆಲ್ ವೈದ್ಯಶಾಲೆಗೆ ಅಧ್ಯಾಪಕರಾಗಿ ಬಂದರು. ಅಲ್ಲಿ ಅವರಿಗೆ ದೊರೆತದ್ದು ವಿದ್ಯುತ್ತಿಲ್ಲದ, ಅನಿಲವಿಲ್ಲದ, ನಲ್ಲಿನೀರೂ ಇಲ್ಲದ ಒಂದು ಪುಟ್ಟ ಕೊಠಡಿ. ರಾತ್ರಿ ಲಾಂದ್ರವೇ ಗತಿ. ಹಾಸ್ಟೆಲಿನ ದೀಪ ಅರ್ಧ ತಾಸು ಆರಿದರೆ ಅರ್ಜಿ ಬರೆಯುವ ನನಗೆ ಇದನ್ನೋದಿ ನಾಚಿಕೆಯಾಯಿತು.

ಆ ಕಾಲದಲ್ಲಿ ಬಂಗಾಳ, ಅಸ್ಸಾಂಗಳನ್ನು ಕಾಲಾ ಅಜಾರ್ ಪೀಡಿಸುತ್ತಿತ್ತು. ಗುಲ್ಮ ಉಬ್ಬಿ, ದೇಹ ಸೊರಗಿ, ಚರ್ಮ ಕಪ್ಪಾಗುವುದರಿಂದ ಅದಕ್ಕೆ ಆ ಹೆಸರು. ಚಿಕಿತ್ಸೆಯಿಲ್ಲದವರಲ್ಲಿ ನೂರಕ್ಕೆ ೯೦ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ೧೯೨೦ರಲ್ಲಿ ಬ್ರಹ್ಮಚಾರಿಯವರು ಆಂಟಿಮನಿಯಿಂದ ಯೂರಿಯಾ ಸ್ಟಿಬಮೀನ್ ಎಂಬ ಔಷಧವನ್ನು ಸಿದ್ಧಪಡಿಸಿದರು. ಅದರಿಂದ ಬದುಕಿದವರು ಅಸಂಖ್ಯ.

ಆದರೆ ನನ್ನ ಮನಸ್ಸು ನಿಂತದ್ದು ೧೯೨೨ರ ಶೋಧನೆಯಲ್ಲಿ. ಜ್ವರ ವಾಸಿಯಾಗಿ ಎಷ್ಟೋ ಕಾಲದ ಮೇಲೆ ಕೆಲವರ ಮುಖ ಮೈಗಳಲ್ಲಿ ಬಿಳಿಚು ಕಲೆಗಳೂ ಗಂಟುಗಳೂ ಏಳುತ್ತಿದ್ದವು. ಮೊದಲು ಮೈಯನ್ನು ಕಪ್ಪಾಗಿಸಿದ ರೋಗ ಈಗ ಬಿಳಿಚಿಸುತ್ತಿತ್ತು! ಕುಷ್ಠವೆಂದೇ ಭ್ರಮೆ ಹುಟ್ಟಿಸುವ ಆ ಚರ್ಮದಲ್ಲಿ ಅವರು ಕಾಲಾ ಅಜಾರಿನ ಪರೋಪಜೀವಿಯನ್ನೇ ಕಂಡರು. ಕುಷ್ಠದ ಕಲೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದುತ್ತದೆ, ಇದರಲ್ಲಿ ಕುಂದದು. ಹಿಂದೆ ಜ್ವರ ಬಂದಿತ್ತೇ ಎಂದು ಕೇಳುವುದೂ ಮುಖ್ಯ. ಬಿಳಿಯರ ಚರ್ಮದ ಚಿತ್ರಗಳಿಂದಷ್ಟೇ ಕಲಿತ ಕಣ್ಣಿಗೆ ಈ ಕಲೆ ಸುಲಭವಾಗಿ ಕಾಣದೆಂದು ನನ್ನ ಊಹೆ.

೧೯೨೯ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಯಿತು, ದೊರೆಯಲಿಲ್ಲ. ೧೯೩೪ರಲ್ಲಿ ಸರ್ ಪದವಿ ಬಂತು. ೧೯೪೬ರ ಫೆಬ್ರವರಿ ೬ರಂದು ತೀರಿಕೊಂಡರು.

೨೦೨೩ರಲ್ಲಿ ಬಾಂಗ್ಲಾದೇಶವು ಕಾಲಾ ಅಜಾರನ್ನು ಸಾರ್ವಜನಿಕ ಪಿಡುಗಿನ ಮಟ್ಟದಿಂದ ಇಳಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆ ಮನ್ನಿಸಿತು. ಆದರೂ ಆರೋಗ್ಯದಿಂದಿರುವಂತೆ ತೋರುವ ಆ ಕಲೆಯವರ ಚರ್ಮದಿಂದ ಮರಳು ನೊಣ ರೋಗವನ್ನು ಮತ್ತೊಬ್ಬರಿಗೆ ಒಯ್ಯಬಲ್ಲದು. ಆದುದರಿಂದ ಹಳೆಯ ರೋಗಿಗಳ ಮುಖ ಬೆನ್ನುಗಳನ್ನು ಹಗಲ ಬೆಳಕಿನಲ್ಲಿ ನೋಡುವ ಕೆಲಸ ಇನ್ನೂ ಉಳಿದಿದೆ.