ಹಾಫ್‌ಕಿನ್ ಮಹಾಶಯರು ಹೊತ್ತ ಅಪವಾದ

ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ಹೆಸರನ್ನು ನಾವೆಲ್ಲರೂ ಕೇಳಿದ್ದೇವೆ. ಆ ಹೆಸರಿನ ಮಹನೀಯರು ಪಟ್ಟ ಪಾಡನ್ನು ಬಲ್ಲವರು ವಿರಳ.

ವಾಲ್ಡೆಮಾರ್ ಹಾಫ್‌ಕಿನ್ ಅವರು 1860ರಲ್ಲಿ ಒಡೆಸ್ಸಾ ನಗರದ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1892ರಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಗೆ ಪ್ಲೇಗು ಹೊಕ್ಕಾಗ ಅದಕ್ಕೂ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಪುನಃ ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಆ ಲಸಿಕೆಯನ್ನು ಹಾಕಿಸಿಕೊಂಡರು.

ಆದರೆ 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಅಸುನೀಗಿದರು. ಆ 19 ಮಂದಿಗೂ ಒಂದೇ ಬಾಟಲಿಯಿಂದ ಲಸಿಕೆ ಹೋಗಿತ್ತು. ಹಾಫ್‌ಕಿನ್‌ರು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಕಾವಿನಿಂದ ಲಸಿಕೆಯನ್ನು ಶುದ್ಧಿಗೊಳಿಸುತ್ತಿದ್ದುದೇ ಕಾರಣವೆಂದು ವಿಚಾರಣಾ ಮಂಡಲಿಯು ತೀರ್ಮಾನಿಸಿತು. ಪ್ರಯೋಗಾಲಯದ ಮುಖ್ಯಸ್ಥಾನ ಅವರ ಕೈತಪ್ಪಿತು.

ನಿಜ ಸಂಗತಿ ಬೇರೆಯೇ ಇದ್ದಿತು. ಬಾಟಲಿಯ ಬಿರಡೆ ತೆಗೆಯುವ ಇಕ್ಕಳವು ಆ ದಿನ ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಲಾಗಿತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಯಲ್ಲಿ ಬರೆದು ಹೋರಾಡಿದ ಮೇಲೆ, 1907ರಲ್ಲಿ ಅವರು ನಿರ್ದೋಷಿಯೆನಿಸಿ ಕಲ್ಕತ್ತೆಗೆ ಮರಳಿದರು. ಹಳೆಯ ಸ್ಥಾನ ಮಾತ್ರ ದೊರೆಯಲಿಲ್ಲ. 1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಅವರ ಹೆಸರಿಡಲಾಯಿತು. 1930ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಅವರು ಕಾಲವಶರಾದರು.

ಈ ವೃತ್ತಾಂತವನ್ನು ಮರಿಯಮ್ಮನಹಳ್ಳಿಯ ನಮ್ಮ ಮನೆಯಲ್ಲಿ, ನರ್ಸಾಗಿರುವ ನನ್ನ ಅಕ್ಕನಿಗೆ ಹೇಳಿದೆನು. ಅವಳು ಹಾಫ್‌ಕಿನ್‌ರಿಗಿಂತ ಹೆಚ್ಚಾಗಿ ಆ ಸಹಾಯಕನನ್ನು ಕುರಿತೇ ಕೇಳಿದಳು. ಅವನ ಬಳಿ ಇನ್ನೊಂದು ಇಕ್ಕಳವಿದ್ದಿತೇ, ಇದ್ದುದನ್ನು ಕಾಯಿಸಲು ಬೆಂಕಿಯಿದ್ದಿತೇ, ಎದುರಿಗೆ ಎಷ್ಟು ಜನ ಕಾದು ನಿಂತಿದ್ದರು ಎಂಬುವೇ ಅವಳ ಪ್ರಶ್ನೆಗಳು. ವಾರ್ಡಿನಲ್ಲಿ ಔಷಧಿ ಅದಲುಬದಲಾದರೆ ಯಾರು ಮಾಡಿದರೆಂದು ಎಲ್ಲರೂ ಕೇಳುತ್ತಾರಂತೆ, ಹೇಗಾಯಿತೆಂದು ಕೇಳುವವರಿಲ್ಲವಂತೆ.

ಅಕ್ಕನ ಮಾತು ನನಗೆ ಸರಿಯೆನಿಸಿತು. ದೊಡ್ಡವರ ಮೇಲಾಗಲಿ ಚಿಕ್ಕವರ ಮೇಲಾಗಲಿ ದೋಷವನ್ನು ಹೊರಿಸಿ ಕೈತೊಳೆದುಕೊಂಡರೆ ಇಕ್ಕಳ ಮತ್ತೆ ಬೀಳುವುದು ತಪ್ಪದು. ಶಿಕ್ಷೆಗೆ ಅಂಜಿ ತಪ್ಪನ್ನು ಬಚ್ಚಿಡುವಂತಾದರೆ ಅದರ ಫಲವನ್ನು ಉಣ್ಣುವವನು ಹಾಸಿಗೆಯಲ್ಲಿ ಮಲಗಿದ ರೋಗಿಯೇ.